ಪ್ರಿಂಟ್ ತಂದವರಿಗೆಲ್ಲ ಪ್ರವೇಶ ಉಚಿತ

2006ರ ಡಿಸೆಂಬರ್. ನೈರೋಬಿಯ ಶಾಲೆಗಳಿಗೆ ರಜೆ ಬಿಟ್ಟಿತ್ತು. ನನ್ನವರು ಇಂಡಸ್ಟ್ರಿಯಲ್ ಏರಿಯಾದ ಔಷಧ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಮೈಸೂರಿನಲ್ಲಿ ಎಂಸಿಎ ಮುಗಿಸಿ ಬಂದು ನೈರೋಬಿಯ ಮನೆಯಲ್ಲಿ ಕೂತಿದ್ದ ನನಗೆ ಲಂಗಾಟಾ ಕಡೆಯ ಒಂದು ಅಮ್ಯೂಸ್‌ಮೆಂಟ್ ಪಾರ್ಕಿನಲ್ಲಿ ಕೆಲಸ ಸಿಕ್ಕಿತ್ತು. ಅವರ ವೆಬ್‌ಸೈಟ್ ನೋಡಿಕೊಳ್ಳುವುದು, ಹೊಸ ಆಟಗಳ ಫೋಟೊ ಹಾಕುವುದು, ಈಮೇಲ್‌ಗೆ ಉತ್ತರಿಸುವುದು, ಜನ ಬರುವಂತೆ ಏನಾದರೂ ಯೋಚಿಸುವುದು.

ಮ್ಯಾನೇಜರ್ ಮಂಗಳೂರಿನ ಶೆಟ್ಟರು. "ಮೇಡಂ, ನಿಮ್ಮ ಕಂಪ್ಯೂಟರಿನೊಳಗೆ ಬಂದವರು ನಮ್ಮ ಗೇಟಿನೊಳಗೆ ಬರುವುದು ಯಾವಾಗ ಮಾರಾಯ್ರೆ?" ಎಂದು ದಿನಾ ಚುಡಾಯಿಸುತ್ತಿದ್ದರು. ನಗುತ್ತಿದ್ದೆ, ಆದರೆ ಒಳಗೆ ಚುಚ್ಚುತ್ತಿತ್ತು. ರಜೆ ಶುರುವಾದಾಗ ಸೈಟಿನಲ್ಲಿ ಒಂದು ಕೂಪನ್ ಹಾಕಿದೆ. ಆ ಪುಟವನ್ನು ಪ್ರಿಂಟ್ ಮಾಡಿ ತಂದರೆ ಭಾನುವಾರ ಮಕ್ಕಳಿಗೆ ಪ್ರವೇಶವೂ ಆಟಗಳೂ ಉಚಿತ.

"ಎಷ್ಟು ಜನ ಬರ್ಬಹುದು?" ಎಂದು ಶೆಟ್ಟರು ಕೇಳಿದರು.

"ಸೈಟ್ ನೋಡೋರೇ ಕಮ್ಮಿ ಸಾರ್. ಅದ್ರಲ್ಲಿ ಮನೇಲಿ ಪ್ರಿಂಟರ್ ಇರೋರು ಎಷ್ಟು ಜನ? ಒಂದು ಬಸ್ ತುಂಬಿದ್ರೆ ಹೆಚ್ಚು" ಎಂದೆ.

ನನ್ನ ಲೆಕ್ಕವೆಲ್ಲ ನಮ್ಮಂಥವರ ಮನೆಗಳದ್ದು. ಆ ಊರಿನ ಜನ ಇಂಟರ್ನೆಟ್ ನೋಡುತ್ತಿದ್ದುದು ಸೈಬರ್ ಕೆಫೆಗಳಲ್ಲಿ. ಅಲ್ಲಿ ಪ್ರಿಂಟರಿನ ಪಕ್ಕದಲ್ಲೇ ಜೆರಾಕ್ಸ್ ಮೆಷಿನ್ ಇರುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಭಾನುವಾರ ಬೆಳಿಗ್ಗೆ ಗೇಟಿನ ಹತ್ತಿರ ಹೋದಾಗ ರಸ್ತೆಯೇ ಕಾಣುತ್ತಿರಲಿಲ್ಲ. ಮಟಾಟು ಎನ್ನುವ ಬಾಡಿಗೆ ವ್ಯಾನುಗಳು ಒಂದರ ಹಿಂದೊಂದು ಬಂದು ಜನರನ್ನು ಇಳಿಸುತ್ತಿದ್ದವು. ಊರಿನ ಆ ತುದಿಯ ಕಸರಾನಿಯಿಂದಲೂ ಬಂದಿದ್ದವು. ಅವುಗಳ ಕಂಡಕ್ಟರುಗಳೇ ನನ್ನ ಕೂಪನ್ ಹಂಚಿ ಜನ ಹತ್ತಿಸಿಕೊಂಡಿದ್ದರಂತೆ. ಹಬ್ಬದ ಬಟ್ಟೆ ತೊಟ್ಟ ಮಕ್ಕಳು, ಅವರನ್ನು ಎತ್ತಿಕೊಂಡ ತಾಯಂದಿರು. ಎಲ್ಲರ ಕೈಯಲ್ಲೂ ಮಸುಕಾದ ಅದೇ ಹಾಳೆ.

ಒಳಗೆ ಬರಲು ಇದ್ದದ್ದು ಒಬ್ಬೊಬ್ಬರೇ ನುಗ್ಗುವಂಥ ಸಣ್ಣ ಬಾಗಿಲು. ವಾಹನಗಳ ದೊಡ್ಡ ಗೇಟು ಹೊರಕ್ಕೆ ತೆರೆಯುವಂಥದ್ದು. ಅದಕ್ಕೆ ಜನ ಒತ್ತಿಕೊಂಡಿದ್ದರಿಂದ ತೆರೆಯುವ ಹಾಗಿರಲಿಲ್ಲ. ನನಗೆ ಗಾಬರಿಯಾಯಿತು. ಮೈಕ್ ತೆಗೆದುಕೊಂಡು, "ಕೂಪನ್ ಮುಗಿದಿದೆ, ದಯವಿಟ್ಟು ವಾಪಸ್ ಹೋಗಿ" ಎಂದು ಇಂಗ್ಲಿಷಿನಲ್ಲಿ ಕೂಗಿ, ಸಣ್ಣ ಬಾಗಿಲನ್ನೂ ಹಾಕಿಸಿಬಿಟ್ಟೆ.

ಹಿಂದಿನವರು ಸಿಟ್ಟಿಗೆದ್ದು ಮುಂದಕ್ಕೆ ತಳ್ಳಿದರು. ಮುಂದಿದ್ದವರಿಗೆ ಹೋಗಲು ಜಾಗವೇ ಇಲ್ಲ. ಕಂಬಿಗಳು ಕಿರುಗುಟ್ಟಿದವು. ನನ್ನ ಎದುರಿಗೇ, ಹಳದಿ ವಸ್ತ್ರ ತಲೆಗೆ ಸುತ್ತಿದ್ದ ಒಬ್ಬ ಹೆಂಗಸು ಕಂಬಿಗೆ ಎದೆಯೊತ್ತಿ ಸಿಕ್ಕಿಕೊಂಡಿದ್ದಳು. ಉಸಿರಿಗೆ ಬಾಯಿ ತೆರೆಯುತ್ತಿದ್ದಳು. ಹೇಗೋ ಎರಡೂ ಕೈ ಬಿಡಿಸಿಕೊಂಡು ಮಗಳನ್ನು ಗೇಟಿನ ಮೇಲಿಂದ ನನ್ನ ಕಡೆ ಚಾಚಿ, "ಶಿಕಾ ಮ್ಟೋಟೊ! ಮಗೂನ ಹಿಡಿ!" ಎಂದಳು.

ಮೈಕ್ ಬಿಸಾಕಿ ಹಿಡಿದುಕೊಂಡೆ. ಮಗುವಿನ ಒಂದು ಬೂಟು ಆಚೆ ಉಳಿಯಿತು. ಆ ಹೆಂಗಸನ್ನು ನೋಡಿ ಉಳಿದವರೂ ಮಕ್ಕಳನ್ನು ಮೇಲಕ್ಕೆತ್ತತೊಡಗಿದರು. ಕಾವಲುಗಾರರೂ ಅಡುಗೆಯವರೂ ಓಡಿಬಂದು ಒಂದೊಂದೇ ಮಗುವನ್ನು ಇಳಿಸಿಕೊಂಡರು. ಅಷ್ಟರಲ್ಲಿ ಶೆಟ್ಟರು ನೆಲದಿಂದ ಮೈಕ್ ಎತ್ತಿಕೊಂಡು, ಪಕ್ಕದ ರಸ್ತೆಯ ಸಾಮಾನಿನ ಗೇಟು ತೆರೆದಿದೆ, ಎಲ್ಲರಿಗೂ ಫ್ರೀ, ಅಲ್ಲಿಂದ ಬನ್ನಿ ಎಂದು ಹರಕುಮುರುಕು ಸ್ವಾಹಿಲಿಯಲ್ಲಿ ಗಂಟಲು ಹರಿಯುವಂತೆ ಕೂಗಿದರು. ಹಿಂದಿನ ಜನ ಅತ್ತ ಓಡಿತು. ಒತ್ತಡ ಇಳಿಯಿತು. ತರಚು ಗಾಯಗಳಲ್ಲೇ ಮುಗಿಯಿತು, ಯಾರ ಪ್ರಾಣವೂ ಹೋಗಲಿಲ್ಲ. ಶೆಟ್ಟರು ಬೆವರೊರೆಸಿಕೊಳ್ಳುತ್ತಾ ನನ್ನತ್ತ ನೋಡಿದರು. "ಈಗ ಬಂದರಲ್ಲ ಮೇಡಂ" ಎಂದು ಹೇಳಬಹುದಿತ್ತು. ಅದರ ಬದಲು ಮಕ್ಕಳಿಗೆ ನೀರು ತರಿಸಲು ಹೊರಟರು.

ಆ ಹೆಂಗಸು ಕುಂಟುತ್ತಾ ಬಂದಳು. ಮಗಳ ಹೆಸರು ವಂಬೂಯಿ. ಅವಳನ್ನು ಅಪ್ಪಿಕೊಂಡು ತುಂಬ ಹೊತ್ತು ಬಿಡಲಿಲ್ಲ. ಆಮೇಲೆ ನನ್ನ ಕೈ ಹಿಡಿದು, "ಅಸಾಂಟೆ ಸಾನಾ. ದೇವರು ನಿನ್ನನ್ನ ಚೆನ್ನಾಗಿಡಲಿ" ಎಂದಳು. ಮತ್ತೆ ಮುದ್ದೆಯಾದ ಕೂಪನ್ನನ್ನು ಬಿಡಿಸಿ ತೋರಿಸಿ ಅಂಜುತ್ತಾ ಕೇಳಿದಳು, "ಇದು ಇನ್ನೂ ನಡೆಯುತ್ತಾ?"

ಅಷ್ಟೆಲ್ಲ ಆದರೂ ಅದನ್ನು ಕೈಬಿಟ್ಟಿರಲಿಲ್ಲ. ನಾಚಿಕೆಯಿಂದ ನನ್ನ ಮುಖ ಸುಟ್ಟಂತಾಯಿತು. "ಅದನ್ನ ಮಾಡಿದ್ದು ನಾನೇ. ತಪ್ಪು ನಂದು" ಎಂದೆ.

ಹಾಳೆಯನ್ನೂ ನನ್ನನ್ನೂ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. "ಚೆನ್ನಾಗಿ ಮಾಡಿದ್ದೀಯ. ಮುಂದಿನ ಸಲ ಗೇಟನ್ನೂ ದೊಡ್ಡದು ಮಾಡು" ಎಂದು ನಕ್ಕಳು. ನಗುವಾಗ ಎದೆ ನೋವಾಯಿತೇನೋ, ಕೈ ಒತ್ತಿಕೊಂಡಳು.

ವಂಬೂಯಿಗೆ ಜಯಂಟ್ ವೀಲ್ ಬೇಕಿತ್ತು. ಅಮ್ಮನಿಗೆ ಹತ್ತುವ ಶಕ್ತಿ ಇರಲಿಲ್ಲ, ನಾನು ಕೂತೆ. ತೊಟ್ಟಿಲು ಮೇಲೇರಿದಾಗ ಮಗು ಕೇಕೆ ಹಾಕಿತು. ನಾನು ಕೆಳಗೆ ನೋಡಿದೆ. ಖಾಲಿಯಾದ ಗೇಟಿನ ಮುಂದೆ ನೆಲದ ತುಂಬ ನನ್ನ ಕೂಪನ್‌ಗಳು, ಅವುಗಳ ನಡುವೆ ಮಕ್ಕಳ ಪುಟ್ಟ ಪುಟ್ಟ ಬೂಟು, ಚಪ್ಪಲಿ. ವಂಬೂಯಿ ಬೆರಳು ಚಾಚಿ, "ಅದೋ, ನಂದು!" ಎಂದು ಖುಷಿಯಿಂದ ಕೂಗಿದಳು.

ಈಗ ಮೈಸೂರಿನಲ್ಲೂ ಇದೇ ಕೆಲಸ ಮಾಡುತ್ತೇನೆ. 'ಎಲ್ಲರಿಗೂ ಸ್ವಾಗತ' ಎಂದು ಬರೆಯುವ ಮೊದಲು ಹೋಗಿ ಬಾಗಿಲು ನೋಡಿ ಬರುತ್ತೇನೆ. ಆದರೂ ಎಷ್ಟೋ ಸಲ ಆ ಹೆಂಗಸಿನ ತೆರೆದ ಬಾಯಿ ಕಣ್ಣೆದುರು ಬರುತ್ತದೆ. ಅದಕ್ಕೂ ಮೊದಲು ಕಿವಿಗೆ ಬೀಳುವುದು ಮೈಕಿನಲ್ಲಿ ವಾಪಸ್ ಹೋಗಿ ಎನ್ನುತ್ತಿರುವ ನನ್ನದೇ ದನಿ.