ಕಾಲೇಜಿಗೆ ಕಳಿಸಿದ ಹಣ್ಣು

ವೃತ್ತಿಯ ಹಿನ್ನೆಲೆಯನ್ನು ಒಂದೇ ಪುಟದಲ್ಲಿ ಬರೆದಿಡು ಎಂದು ನನ್ನ ಗೈಡ್ ಹೇಳಿದ್ದರು. ಬುಧವಾರ ಅವರು ಹೊರಗಿನ ಪರೀಕ್ಷಕರೊಬ್ಬರನ್ನು ಕರೆದುಕೊಂಡು ಗೋಣಿಬೀಡಿನ ಹತ್ತಿರದ ಎಸ್ಟೇಟಿಗೆ ಬರುವವರಿದ್ದರು. ಎಂ.ಟೆಕ್‌ಗಾಗಿ ನಾನು ಮಾಡಿದ ಕಾಫಿ ಪಲ್ಪರ್ ಅವರ ಕಣ್ಣೆದುರು ಕೆಲಸ ಮಾಡಿ ತೋರಿಸಬೇಕು. ಮಾಡಿದರೆ ಪ್ರಬಂಧ ಪಾಸು, ಗೈಡ್ ಹತ್ತಿರವೇ ಸಂಶೋಧನೆಯ ಕೆಲಸವೂ ಸಿಗುತ್ತದೆ. ಮಾಡದಿದ್ದರೆ ಏನು ಎಂದು ಯೋಚಿಸುವ ಧೈರ್ಯ ನನಗಿರಲಿಲ್ಲ.

ಪುಟವೇನೋ ತುಂಬಿತು. ಬಿ.ಇ. ಮೆಕ್ಯಾನಿಕಲ್. ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಎರಡು ವರ್ಷ ಡಿಸೈನ್ ವಿಭಾಗ. ಅಂದರೆ ಯಾರೋ ಯೋಚಿಸಿದ ಮುಚ್ಚಳಕ್ಕೆ ಕಂಪ್ಯೂಟರಿನಲ್ಲಿ ತೂತಿನ ಅಳತೆ ಹಾಕುತ್ತ ಕೂರುವುದು. ಆಮೇಲೆ ಎಂ.ಟೆಕ್., ಸಂಶೋಧನೆ. ಓದಿದರೆ ನನಗೇ ನನ್ನ ಮೇಲೆ ಗೌರವ ಬರುತ್ತಿತ್ತು. ಹೈಸ್ಕೂಲಿನ ರಜೆಗಳಲ್ಲಿ ಅವ್ವನ ಜೊತೆ ಇದೇ ಎಸ್ಟೇಟಿನಲ್ಲಿ ಸೊಂಟಕ್ಕೆ ಚೀಲ ಕಟ್ಟಿಕೊಂಡು ಹಣ್ಣು ಕೊಯ್ದದ್ದನ್ನು ಮಾತ್ರ ಬರೆಯಲಿಲ್ಲ. ಅದೂ ಒಂದು ಅನುಭವವೇ ಎಂದು ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನಾಚಿಕೆ.

ಪಲ್ಪರ್ ಎಂದರೆ ಹಣ್ಣಿನ ಸಿಪ್ಪೆ ಸುಲಿದು ಬೀಜ ಬಿಡಿಸುವ ಯಂತ್ರ. ತಿರುಗುವ ಡ್ರಮ್ಮಿಗೂ ಅದರೆದುರಿನ ತಟ್ಟೆಗೂ ನಡುವೆ ಒಂದು ಸಂದು ಇರುತ್ತದೆ, ಎಲ್ಲ ಕರಾಮತ್ತು ಇರುವುದು ಅಲ್ಲೇ. ಕಿರಿದಾದರೆ ಬೀಜ ಜಜ್ಜಿಹೋಗುತ್ತದೆ, ಅಗಲವಾದರೆ ಹಣ್ಣು ಇದ್ದ ಹಾಗೇ ಆಚೆ ಬೀಳುತ್ತದೆ. ಬೇರೆ ಯಂತ್ರಗಳಲ್ಲಿ ಬೋಲ್ಟ್ ತಿರುಗಿಸಿ ಸಂದನ್ನು ಹೊಂದಿಸುತ್ತಾರೆ. ನಾನು ಆ ಬೋಲ್ಟನ್ನೇ ತೆಗೆದುಹಾಕಿದ್ದೆ. ಹಣ್ಣಿನ ಗಾತ್ರವನ್ನು ಸರಿಯಾಗಿ ಅಳೆದು ಸಂದನ್ನು ಒಂದೇ ಸಲ ನಿಗದಿ ಮಾಡಿಬಿಟ್ಟರೆ ಸಣ್ಣ ಬೆಳೆಗಾರರಿಗೆ ಹೊಂದಿಸುವ ರಗಳೆಯೇ ಇಲ್ಲ ಎಂಬುದು ನನ್ನ ಪ್ರಬಂಧದ ಹೆಗ್ಗಳಿಕೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಹಾಗಿತ್ತು ನನ್ನ ಕಥೆ.

ಅಳೆಯುವ ಹಣ್ಣನ್ನು ನಾನೇ ತೋಟಕ್ಕೆ ಹೋಗಿ ತರಬೇಕಿತ್ತು. ಹೋಗಲಿಲ್ಲ. ಓದಿ ಇಂಜಿನಿಯರ್ ಆದವಳು ಮತ್ತೆ ಆ ಸಾಲಿನಲ್ಲಿ ನಿಂತದ್ದನ್ನು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ನೋಡಿದರೆ, ಮೇಸ್ತ್ರಿ ನೋಡಿದರೆ ಎಂಬ ಹಿಂಜರಿಕೆ. ಅವ್ವನಿಗೆ ಫೋನ್ ಮಾಡಿ, "ಬೇರೆ ಬೇರೆ ಗಿಡದ್ದು ಸ್ವಲ್ಪ ಸ್ವಲ್ಪ ಹಣ್ಣು ಕಳಿಸವ್ವ, ಕಾಲೇಜಲ್ಲಿ ಅಳೀಬೇಕು" ಎಂದೆ. ಎಸ್ಟೇಟಿನ ಸಾವ್ಕಾರ್ರ ಒಪ್ಪಿಗೆಯೂ ಸಿಕ್ಕಿತು. ಕುಯ್ಲು ಶುರುವಾದ ಮೇಲೆ ಪ್ರತಿ ಶನಿವಾರ ಬಸ್ಸಿನ ಕಂಡಕ್ಟರ್ ಕೈಲಿ ಒಂದು ಚೀಲ ಬರುತ್ತಿತ್ತು. ಒಂದೊಂದೇ ಹಣ್ಣನ್ನು ವರ್ನಿಯರ್‌ನಲ್ಲಿ ಹಿಡಿದು ಅಳೆಯುತ್ತಿದ್ದೆ. ಗಾತ್ರದಲ್ಲಿ ಹೆಚ್ಚು ಏರುಪೇರೇ ಇಲ್ಲ. "ಇಷ್ಟು ಅಚ್ಚುಕಟ್ಟಾದ ಅಳತೆ ನೋಡಿ ಬಹಳ ದಿನ ಆಗಿತ್ತು" ಎಂದರು ಗೈಡ್. ನಾನು ಉಬ್ಬಿಹೋದೆ. ಮಾದರಿಯನ್ನು ಸಂಶೋಧಕಿಯೇ ತೋಟದಲ್ಲಿ ಯಾವ ಆಯ್ಕೆಯನ್ನೂ ಮಾಡದೆ ಸಂಗ್ರಹಿಸಿದ್ದಾಳೆ ಎಂದು ಪ್ರಬಂಧದಲ್ಲಿ ಇಂಗ್ಲಿಷಿನಲ್ಲಿ ಬರೆದೆ. ಎಲ್ಲರೂ ಹಾಗೇ ಬರೆಯುತ್ತಾರೆ, ಯಾರು ಬಂದು ನೋಡುತ್ತಾರೆ ಅಂದುಕೊಂಡೆ.

ಸೋಮವಾರ ಎಸ್ಟೇಟಿನ ಪಲ್ಪಿಂಗ್ ಯಾರ್ಡಿನಲ್ಲಿ ಯಂತ್ರ ಇಳಿಸಿದೆವು. ಮೇಸ್ತ್ರಿ ಸುತ್ತ ಒಂದು ಸುತ್ತು ಬಂದು, "ಬೋಲ್ಟ್ ಎಲ್ಲಮ್ಮ? ಒಂದೊಂದು ಸಲದ ಹಣ್ಣು ಒಂದೊಂದು ಥರ ಇರುತ್ತೆ, ಸಂದು ಬದಲಾಯಿಸ್ಬೇಕಲ್ಲ" ಎಂದರು. ನಕ್ಕುಬಿಟ್ಟೆ. ಅವತ್ತು ಕೊಯ್ದ ಹಣ್ಣನ್ನು ಸುರಿದು ಹಿಡಿ ತಿರುಗಿಸಿದೆ. ಬೀಜದ ಜೊತೆಗೆ ಹಣ್ಣೂ ಉರುಳಿ ಬಂತು. ಒಂದೆರಡಲ್ಲ, ಬೊಗಸೆ ಬೊಗಸೆ. ಸಿಪ್ಪೆಗೆ ಗೀರು ಕೂಡ ಬಿದ್ದಿರಲಿಲ್ಲ.

ಬೇರಿಂಗ್ ನೋಡಿದೆ, ಡ್ರಮ್ ನೋಡಿದೆ, ಸಂದನ್ನು ಮೂರು ಸಲ ಅಳೆದೆ. ಡ್ರಾಯಿಂಗಿನಲ್ಲಿ ಎಷ್ಟಿತ್ತೋ ಅಷ್ಟೇ ಇತ್ತು. ಆದರೂ ವರ್ಕ್‌ಶಾಪಿನವರನ್ನೇ ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಊಟ ಸೇರಲಿಲ್ಲ. ನಡುವೆ ಇದ್ದದ್ದು ಒಂದೇ ದಿನ.

ಮಂಗಳವಾರ ಬೆಳಿಗ್ಗೆ ಮನೆಯಲ್ಲಿ ಕೂರಲಾಗದೆ ಅವ್ವನ ಹಿಂದೆ ತೋಟಕ್ಕೆ ಹೋದೆ. ಅವ್ವ ಮತ್ತು ಅವಳ ಜೊತೆಯ ಮೂವರು ಹೆಂಗಸರು ಒಂದೇ ಸಾಲಿನಲ್ಲಿ ಕೊಯ್ಯುತ್ತಿದ್ದರು. ನೋಡುತ್ತ ನಿಂತೆ. ಅವ್ವ ಗಿಡದ ಕೊಂಬೆ ಬಾಗಿಸಿ ಹಣ್ಣನ್ನೆಲ್ಲ ಚೀಲಕ್ಕೆ ಹಾಕಿದಳು. ಒಂದು ದಪ್ಪ ಹಣ್ಣನ್ನು ಮಾತ್ರ ಸೆರಗಿಗೆ ಒರೆಸಿ ಮಡಿಲಿಗೆ ಬಿಟ್ಟಳು.

"ಅದ್ಯಾಕವ್ವ ಬೇರೆ?"

"ನಿಂಗೆ ಮಗ. ಶನಿವಾರಕ್ಕೆ."

"ದಿನಾ ಹಿಂಗೇ ಆರಿಸ್ತಿದ್ರಾ?"

"ಮತ್ತೆ? ಕಾಲೇಜಿಗೆ ಹೋಗೋ ಹಣ್ಣು ಮಾರಾಯ್ತಿ, ಕಂಡಿದ್ದೆಲ್ಲ ತುಂಬಕಾಗುತ್ತಾ? ದೇವ್ರಿಗೆ ಇಡೋ ಹಂಗೆ ಆರ್ಸಿದೀವಿ, ನಾಲ್ಕೂ ಜನ."

ಅವಳ ಮುಖದಲ್ಲಿ ಎಂಥ ಹೆಮ್ಮೆ! ನಾನು ಅಲ್ಲೇ ಗಿಡದ ಬುಡದಲ್ಲಿ ಕೂತೆ. ನಾನು ಅಳೆದದ್ದು ತೋಟದ ಹಣ್ಣನ್ನಲ್ಲ, ಅವರ ಅಕ್ಕರೆಯನ್ನು. ತೋಟದ ಅತಿ ದಪ್ಪ ಹಣ್ಣಿಗೆ ತಕ್ಕಂತೆ ಸಂದು ಬಿಟ್ಟಿದ್ದೆ. ಕಾಲೇಜಿನಲ್ಲಿ ಯಂತ್ರ ಪರೀಕ್ಷಿಸಿದ್ದೂ ಅದೇ ಹಣ್ಣಿನಲ್ಲಿ, ಅಲ್ಲಿ ಚೆನ್ನಾಗಿ ಓಡದೆ ಏನಾಗುತ್ತದೆ?

ವಿಷಯವನ್ನು ಅವ್ವನಿಗೆ ಹೇಳಿದೆ. "ಅಷ್ಟೇ ತಾನೆ? ನಾಳೆ ಸಾರ್ ಬಂದಾಗ ದಪ್ಪ ಹಣ್ಣನ್ನೇ ಹಾಕಿ ತೋರ್ಸು. ಬೆಳಿಗ್ಗೆಯಿಂದ್ಲೇ ಆರಿಸಿಡ್ತೀವಿ" ಎಂದಳು.

ಸುಳ್ಳು ಯಾಕೆ ಹೇಳಲಿ, ಹೋದ ಜೀವ ಬಂದಂತಾಯಿತು. ಹೂಂ ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಪಕ್ಕದ ಗಿಡದಲ್ಲಿದ್ದ ಹೆಂಗಸು, ಮನೆಯ ಹಿಂದೆ ಅರ್ಧ ಎಕರೆ ಕಾಫಿ ಇಟ್ಟುಕೊಂಡಿರುವವಳು, "ಬರೋ ವರ್ಷ ನಮ್ಮನೆ ಹಣ್ಣೂ ಅದ್ರಲ್ಲೇ ಬಿಡಿಸೋದು. ನಮ್ಮ ಹುಡುಗಿ ಮಾಡಿದ್ದಲ್ವಾ" ಎಂದಳು. ಅವಳ ಅರ್ಧ ಎಕರೆಯ ಸಣ್ಣ ಹಣ್ಣೆಲ್ಲ ಸುಲಿಯದೆ ಉರುಳುವುದು ಕಣ್ಣಿಗೆ ಕಟ್ಟಿತು. ಎದ್ದು, ಸಿಗ್ನಲ್ ಸಿಗುವ ಏರಿಗೆ ನಡೆದೆ.

ಗೈಡ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಮಾತು ತಡವರಿಸುತ್ತಿತ್ತು. ನಮ್ಮ ತಾಯಿ ಹೀಗೆ ಮಾಡಿಬಿಟ್ಟಿದ್ದಾರೆ ಸಾರ್ ಎಂದೂ ಹೇಳಿಬಿಟ್ಟೆ.

"ಪ್ರಬಂಧದಲ್ಲಿ ಸಂಶೋಧಕಿಯೇ ಹಣ್ಣು ಸಂಗ್ರಹಿಸಿದ್ದು ಅಂತ ಬರೆದದ್ದು ಯಾರು? ನಿಮ್ಮ ತಾಯೀನಾ?"

"ಅಲ್ಲ ಸಾರ್. ನಾನು."

"ನಾಳೆ ನಾವು ಬರೋದಿಲ್ಲ. ಗಿಡದಲ್ಲಿ ಇನ್ನೂ ಹಣ್ಣಿದೆಯಾ?"

"ಕೊನೇ ಕುಯ್ಲು ನಡೀತಿದೆ ಸಾರ್."

"ಹಾಗಾದ್ರೆ ನೀನೇ ಕೊಯ್ದು ಅಳಿ. ಈ ಸಲಕ್ಕೆ ಪ್ರಬಂಧ ಇಲ್ಲ. ಕೆಲಸದ ವಿಷಯ ನನ್ನ ಕೈಲಿ ಉಳಿಯುತ್ತೋ ಇಲ್ವೋ ಹೇಳಕ್ಕಾಗಲ್ಲ."

ಕೆಳಗೆ ಅವ್ವ ಕಾಯುತ್ತಿದ್ದಳು. ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು. "ನಾವೇ ಹಾಳು ಮಾಡಿದ್ವಾ ಮಗ?" ಎಂದಳು. ಇಲ್ಲ, ತಪ್ಪು ನಂದೇ, ನಾನೇ ಬರಬೇಕಿತ್ತು ಎಂದೆ. ಇದೇ ಮಾತನ್ನು ಎಷ್ಟು ಸಲ ಹೇಳಿದರೂ ಅವಳು ನಂಬಲಿಲ್ಲ. ಗೈಡ್ ಎದುರು ಅವಳ ಮೇಲೆ ಹೊರಿಸಿದ್ದು ನನಗೆ ಇವತ್ತಿಗೂ ಚುಚ್ಚುತ್ತದೆ.

ಬುಧವಾರ ಸೊಂಟಕ್ಕೆ ಚೀಲ ಕಟ್ಟಿಕೊಂಡು ಸಾಲಿಗೆ ನಿಂತೆ. ರೈಟರ್ ನೋಡಿದರು, ಮೇಸ್ತ್ರಿ ನೋಡಿದರು. ಕೆಲಸ ಹೋದರೆ ಮುಂದೇನು ಎಂಬ ಯೋಚನೆಯ ನಡುವೆ ಅವರ ನೋಟ ನನಗೆ ತಾಗಲೇ ಇಲ್ಲ. ಸಿಕ್ಕಿದ್ದೆಲ್ಲ ಕೊಯ್ದೆ: ಸಣ್ಣದು, ಸೊಟ್ಟದು, ಅರ್ಧ ಬಾಡಿದ್ದು. ಅವ್ವ ಪಕ್ಕದ ಗಿಡದಲ್ಲಿದ್ದಳು. ಒಮ್ಮೆ ಅವಳ ಕೈಗೆ ಕೆಂಪಗೆ ಮಿರುಗುವ ದಪ್ಪ ಹಣ್ಣೊಂದು ಸಿಕ್ಕಿತು. ಅಭ್ಯಾಸಬಲದಿಂದ ಅದನ್ನು ಸೆರಗಿಗೆ ಒರೆಸಿ ನನ್ನ ಕಡೆ ಕೈ ಚಾಚಿದಳು. ತಟ್ಟನೆ ನೆನಪಾಗಿ, ತಪ್ಪು ಮಾಡಿದವಳಂತೆ ಕೈ ಹಿಂದೆಗೆದುಕೊಂಡು, ಅದನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.