ಪುಟ್ಟಿಯ ಲೌಂಜಿನ ಬೆನ್ನೊತ್ತುವ ಕುರ್ಚಿ

ವಿಮಾನ ನಿಲ್ದಾಣದಲ್ಲಿ ದುಡ್ಡಿರುವ ಪ್ರಯಾಣಿಕರು ವಿಮಾನ ಹೊರಡುವ ತನಕ ಕೂತು, ತಿಂದು, ಒಂದು ಜೊಂಪು ನಿದ್ದೆಯನ್ನೂ ತೆಗೆದು ಹೋಗುವ ಕೋಣೆಗಳಿರುತ್ತವಲ್ಲ, ಲೌಂಜು ಅನ್ನುತ್ತಾರೆ, ಅಂಥದೊಂದು ಲೌಂಜಿನಲ್ಲಿ ದೊಡ್ಡಕ್ಕ ಅರ್ಧ ಆಯಸ್ಸು ಸವೆಸಿದಳು. ಎಂಜಲು ಲೋಟ ಎತ್ತುವುದು, ಮೇಜು ಒರೆಸುವುದು, ಮಲಗಿ ಎದ್ದವರ ಕಂಬಳಿ ಮಡಿಸುವುದು ಅವಳ ಕೆಲಸ. ಅವಳು ಮಡಿಸಿದ ಕಂಬಳಿಯನ್ನು ಕಣ್ಣು ಮುಚ್ಚಿ ಮುಟ್ಟಿದರೂ ಗೊತ್ತಾಗುತ್ತಿತ್ತು. ನಾಲ್ಕು ಮಡಿಕೆ ಹಾಕಿ, ಕೊನೆಯ ತುದಿಯನ್ನು ಒಳಕ್ಕೆ ತುರುಕಿ, ಎತ್ತಿ ಬಿಸಾಡಿದರೂ ಬಿಚ್ಚಿಕೊಳ್ಳದ ಹಾಗೆ ಕೂರಿಸುತ್ತಿದ್ದಳು. ಬೇರೆ ಯಾರೂ ಹಾಗೆ ಮಡಿಸುತ್ತಿರಲಿಲ್ಲ, ಅಷ್ಟು ತಾಳ್ಮೆ ಯಾರಿಗಿತ್ತು!

ತಂಗಿ ಪುಟ್ಟಿಯ ಗಂಡ ತೀರಿಕೊಂಡಾಗ ದೊಡ್ಡಕ್ಕನೇ ಅವಳ ಕೈಹಿಡಿದು ಕರೆತಂದು ಲೌಂಜುಗಳನ್ನೆಲ್ಲ ನೋಡಿಕೊಳ್ಳುವ ಸೂಪರ್‌ವೈಸರಮ್ಮನ ಮುಂದೆ ನಿಲ್ಲಿಸಿದ್ದು. ತನ್ನ ಲೌಂಜಿನಲ್ಲೇ, ತನ್ನ ಕೈಕೆಳಗೇ ಇರುತ್ತಾಳೆ ಅಂತ ಅವಳ ಎಣಿಕೆ. ಆದರೆ ಆ ವಾರವೇ ಎದುರು ಸಾಲಿನಲ್ಲಿ ಹೊಸ ಲೌಂಜು ಬಾಗಿಲು ತೆರೆದಿತ್ತು. ಪುಟ್ಟಿಯನ್ನು ಅಲ್ಲಿಗೆ ಹಾಕಿದರು. ಮಾರನೇ ದಿನ ಬೆಳ್ಳಿ ಬಣ್ಣದ ಗುಂಡಿಯ ಸಮವಸ್ತ್ರ ತೊಟ್ಟು ಪುಟ್ಟಿ ಎದುರಿಗೆ ಬಂದು ನಿಂತಳು. ದೊಡ್ಡಕ್ಕನ ಸಮವಸ್ತ್ರಕ್ಕೆ ಕಂದು ಬಣ್ಣದ ಪ್ಲಾಸ್ಟಿಕ್ ಗುಂಡಿ, ಅದರಲ್ಲೂ ಒಂದು ಬಿದ್ದುಹೋಗಿ ಪಿನ್ನು ಚುಚ್ಚಿಕೊಂಡಿದ್ದಳು.

ಹೊಟ್ಟೆಕಿಚ್ಚು ಹೊತ್ತಿಕೊಂಡದ್ದು ಆ ಗುಂಡಿಗಳಿಂದ.

ಅವರ ಕೆಲಸದಲ್ಲಿ ಒಂದು ಕಟ್ಟುಪಾಡಿತ್ತು. ಕೊರಳಿಗೆ ಹಾಕಿಕೊಳ್ಳುವ ಕಾರ್ಡು ಅವರವರ ಲೌಂಜಿನ ಬಾಗಿಲನ್ನು ಮಾತ್ರ ತೆಗೆಯುತ್ತಿತ್ತು. ಅಕ್ಕ ತಂಗಿಯದನ್ನು ನೋಡುವ ಹಾಗಿಲ್ಲ, ತಂಗಿ ಅಕ್ಕನದನ್ನು ನೋಡುವ ಹಾಗಿಲ್ಲ. ಇಬ್ಬರೂ ಸೇರುತ್ತಿದ್ದದ್ದು ಕೆಲಸದವರ ಊಟದ ಕೋಣೆಯಲ್ಲಿ, ಡಬ್ಬಿ ಬಿಚ್ಚುವ ಹೊತ್ತಿನಲ್ಲಿ.

"ನಮ್ಮಲ್ಲಿ ಒಂದು ಗಾಜಿನ ತೊಟ್ಟಿ ಇದೆ ಕಣೇ," ಅಂತ ದೊಡ್ಡಕ್ಕ ಶುರು ಮಾಡಿದಳು. "ಬಂಗಾರದ ಬಣ್ಣದ ಮೀನು. ನನ್ನ ಹೆಜ್ಜೆ ಸಪ್ಪಳ ಕೇಳಿದ್ರೆ ಸಾಕು, ಗಾಜಿನ ಹತ್ರ ಓಡಿ ಬರ್ತವೆ."

ಪುಟ್ಟಿ ಬಾಯಿಗಿಟ್ಟ ತುತ್ತು ಅಲ್ಲೇ ನಿಂತಿತು. "ನಿಜವಾಗ್ಲೂನಾ?"

"ಸುಳ್ಳು ಹೇಳೋಕೆ ನನಗೇನು ಬಂದಿದೆ?"

ಪುಟ್ಟಿ ಆ ದಿನ ಡಬ್ಬಿ ಮುಚ್ಚಿ ಎದ್ದಳು. ಮೀನುಗಳು ಮಾತ್ರ ವಾರದಿಂದ ವಾರಕ್ಕೆ ಬೆಳೆದವು, ಮರಿ ಹಾಕಿದವು, ಒಂದಕ್ಕಂತೂ ದೊಡ್ಡಕ್ಕನ ಮೇಲೆ ಎಲ್ಲಿಲ್ಲದ ಮೋಹ. ಕೊನೆಗೊಂದು ದಿನ ಪುಟ್ಟಿ ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಬಾಯಿ ತೆಗೆದಳು.

"ನಮ್ಮಲ್ಲಿ ಹೊಸ ಕುರ್ಚಿ ಬಂತಕ್ಕ. ಸುಮ್ನೆ ಕೂತ್ರೆ ಸಾಕು, ಅದೇ ಬೆನ್ನು ಒತ್ತತ್ತೆ."

"ನಮ್ಮಲ್ಲಿಗೆ ಬರೋರಿಗೆ ಬೆನ್ನು ನೋವೇ ಇರಲ್ಲ ಬಿಡು."

"ಮಂಡೀನೂ ಒತ್ತತ್ತೆ ಕಣಕ್ಕ. ಸೂಪರ್‌ವೈಸರಮ್ಮ ಆಚೆ ಹೋದಾಗ ನಾನು ದಿನಾ ಕೂತ್ಕೋತೀನಿ. ಹಾಗೇ ತೇಲಿದ ಹಾಗಾಗತ್ತೆ."

ದೊಡ್ಡಕ್ಕನಿಗೆ ಮಂಡಿನೋವು ಹಳೆಯ ನೆಂಟ. ಅವತ್ತು ಸಂಜೆ ಮನೆಯಲ್ಲಿ ಗೋಡೆಗೊರಗಿ ಎಣ್ಣೆ ತಿಕ್ಕಿಕೊಳ್ಳುತ್ತಾ ಕೂತವಳಿಗೆ ಕಣ್ಣೆದುರು ಅದೇ ಕುರ್ಚಿ. ಅದರಲ್ಲಿ ಪುಟ್ಟಿ, ಬೆಳ್ಳಿ ಗುಂಡಿಯ ಪುಟ್ಟಿ, ಕಾಲು ಚಾಚಿಕೊಂಡು ತೇಲುತ್ತಿದ್ದಾಳೆ. ಕೆಲಸ ಕೊಡಿಸಿದವಳು ನಾನು, ಒತ್ತಿಸಿಕೊಳ್ಳುವವಳು ಅವಳು! ಹೊಟ್ಟೆಯೊಳಗೆ ಹಸಿಮೆಣಸಿನಕಾಯಿ ಅರೆದ ಹಾಗಾಯಿತು. ಆಮೇಲೆ ವರ್ಷಗಟ್ಟಲೆ ಎಣ್ಣೆ ಮುಟ್ಟಿದಾಗಲೆಲ್ಲ ಆ ಉರಿ ಏಳುತ್ತಿತ್ತು.

ಹೀಗಿರುವಾಗ ದೊಡ್ಡಕ್ಕನ ಕೆಲಸದ ಅವಧಿ ಮುಗಿಯಿತು. ದೂರದೇಶದ ಆಸ್ಪತ್ರೆಯೊಂದರ ಅಡಿಗೆಮನೆಯಲ್ಲಿ ಕೆಲಸಕ್ಕಿದ್ದ ಮಗಳಿಗೆ ದಿನ ತುಂಬುತ್ತಾ ಬಂದಿತ್ತು. ಬಾಣಂತನಕ್ಕೆ ಅಮ್ಮನೇ ಬೇಕು ಅಂತ ಟಿಕೇಟು ಕಳಿಸಿದ್ದಳು. ಕೆಲಸ ಬಿಟ್ಟು ಹೋಗುವವರು ವಿಮಾನ ಹತ್ತುವುದಿದ್ದರೆ ಅವತ್ತು ಯಾವುದಾದರೂ ಒಂದು ಲೌಂಜಿನಲ್ಲಿ ಅತಿಥಿಯಾಗಿ ಕೂರಬಹುದು ಅಂತ ಅಲ್ಲಿ ಮೊದಲಿನಿಂದ ಬಂದ ಪದ್ಧತಿ.

ಸೂಪರ್‌ವೈಸರಮ್ಮ ಚೀಟಿ ಬರೆಯಲು ಪೆನ್ನು ತೆಗೆದಳು. "ನಿಮ್ಮ ಲೌಂಜೇ ತಾನೇ?"

ದೊಡ್ಡಕ್ಕ ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದಳು. "ಆ ಕಡೇದು ಬರೀರಮ್ಮ. ಪುಟ್ಟಿಗೆ ಮಾತ್ರ ಹೇಳ್ಬೇಡಿ."

ಅವಳಿಗೆ ಆ ಕುರ್ಚಿಯಲ್ಲಿ ಒಂದು ಸಲ ಕೂರಬೇಕಿತ್ತು. ಆದರೆ ಕೂತದ್ದು ಪುಟ್ಟಿಗೆ ಗೊತ್ತಾದರೆ ಇಷ್ಟು ವರ್ಷ ಕೊಚ್ಚಿಕೊಂಡದ್ದೆಲ್ಲ ನೀರುಪಾಲು. ಅವತ್ತು ಪುಟ್ಟಿಯ ಪಾಳಿ ಮಧ್ಯಾಹ್ನ. ಬೆಳಿಗ್ಗೆ ಹೋಗಿ, ಅವಳು ಬರುವ ಮೊದಲೇ ಎದ್ದುಬಿಟ್ಟರಾಯಿತು.

"ಮೀನುಗಳಿಗೆ ಹೇಳಿ ಹೋಗ್ತೀಯೇನೋ!" ಅಂತ ಪುಟ್ಟಿ ಹಿಂದಿನ ದಿನ ಚುಚ್ಚಿದಳು.

"ಹೇಳದೆ ಹೋದ್ರೆ ಅವು ಕೊರಗಲ್ವೇನೇ?" ಅಂದಳು ದೊಡ್ಡಕ್ಕ, ಮುಖದ ಗೆರೆ ಕೂಡ ಅಲುಗಿಸದೆ.

ಮಗಳು ಕಳಿಸಿದ್ದ ಹೊಸ ಸ್ವೆಟರ್ ತೊಟ್ಟು ಅವಳು ಒಳಗೆ ಕಾಲಿಟ್ಟಾಗ ಬಾಗಿಲ ಹುಡುಗಿ "ಬನ್ನಿ ಮೇಡಂ" ಅಂದಳು. ಯಾರನ್ನು ಕರೆದಳೋ ಅಂತ ದೊಡ್ಡಕ್ಕ ಹಿಂತಿರುಗಿ ನೋಡಿದಳು. ಆಮೇಲೆ ಹುಳುಕು ಹುಡುಕುತ್ತಾ ಹೊರಟಳು. ಮೇಜಿನ ಅಂಚಿನ ಮೇಲೆ ಬೆರಳು ಎಳೆದಳು, ಧೂಳಿಲ್ಲ. ಸೋಫಾದ ಸಂದಿಗೆ ಕೈ ಹಾಕಿದಳು, ಬಿಸ್ಕತ್ತಿನ ಪುಡಿಯಿಲ್ಲ. ಕಾಫಿ ಬಂದದ್ದು ಹೂವಿನೆಸಳಿನಷ್ಟು ತೆಳು ಕಪ್ಪಿನಲ್ಲಿ, ಅದೂ ತುಟಿ ಸುಡುವಷ್ಟು ಬಿಸಿ. ನಮ್ಮಲ್ಲಿ ಕಾಫಿ ಮೇಜಿಗೆ ಬರುವಷ್ಟರಲ್ಲಿ ಆರಿಹೋಗುತ್ತೆ, ಹಾಳಾದ್ದು! ಒಂದು ಹುಳುಕೂ ಸಿಗದೆ ಹೋದ ಹಾಗೆಲ್ಲ ಆ ಬಿಸಿ ಕಾಫಿಯೂ ಗಂಟಲಲ್ಲಿ ಕಹಿಯಾಯಿತು.

ಮಲಗುವ ಕೋಣೆಯ ಮೂಲೆಯಲ್ಲಿ ಕುರ್ಚಿ ಇತ್ತು. ಮೈತುಂಬ ಬಟ್ಟೆ ಹೊದ್ದುಕೊಂಡಿತ್ತು. ಕೊರಳಿಗೆ ತೂಗುಹಾಕಿದ ರಟ್ಟಿನ ಅಕ್ಷರಗಳನ್ನು ದೊಡ್ಡಕ್ಕ ಕೂಡಿಸಿಕೊಂಡು ಓದಿದಳು. ಕೆಟ್ಟಿದೆ. ಕೂರಬೇಡಿ.

ಪಕ್ಕದಲ್ಲಿ ನೆಲ ಒರೆಸುತ್ತಿದ್ದವನನ್ನು ಕೇಳಿದಳು, "ಇದು ಕೆಟ್ಟಿದ್ದು ಯಾವಾಗಪ್ಪಾ?"

"ಬಂದ ದಿನವೇ ಮೇಡಂ. ಒಂದ್ಸಲ ಗುರ್ರ್ ಅಂತು, ಅಷ್ಟೇ. ಎಸೆಯೋಕೆ ಮೇಲಿನವರ ಅಪ್ಪಣೆ ಬಂದಿಲ್ಲ."

ದೊಡ್ಡಕ್ಕನಿಗೆ ಮೊದಲು ನಗು ಉಕ್ಕಿತು. ಹಾಸಿಗೆಯ ಮೇಲೆ ಕೂತು, ಸ್ವೆಟರಿನ ತೋಳು ಬಾಯಿಗೆ ಒತ್ತಿಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ಸಿಟ್ಟು ಬಂತು. ಅಷ್ಟು ಸಂಜೆಗಳು, ಅಷ್ಟು ಎಣ್ಣೆ, ಅಷ್ಟು ಉರಿ, ಎಲ್ಲ ಈ ಗುರ್ರ್ ಅನ್ನುವ ಪೀಡೆಗೋಸ್ಕರವಾ?

ಪುಟ್ಟಿ ಬರುವ ಹೊತ್ತಾಗಿತ್ತು. ಗಡಿಬಿಡಿಯಲ್ಲಿ ಎದ್ದ ದೊಡ್ಡಕ್ಕ ಬಾಗಿಲ ಹತ್ತಿರ ಬಂದು ಹಿಂತಿರುಗಿ ನೋಡುತ್ತಾಳೆ, ತಾನು ಕೂತಿದ್ದ ಜಾಗದಲ್ಲಿ ಕಂಬಳಿ ನಾಲ್ಕು ಮಡಿಕೆಯಾಗಿ, ತುದಿ ಒಳಗೆ ತುರುಕಿಸಿಕೊಂಡು ಜಾಣನ ಹಾಗೆ ಕೂತಿದೆ. ಯಾವಾಗ ಮಡಿಸಿದಳೋ ಅವಳಿಗೇ ಗೊತ್ತಿಲ್ಲ. ಪಾಳಿಗೆ ಬಂದವರು ಮೊದಲು ಮಾಡುವುದೇ ಕಂಬಳಿ ನೋಡುವ ಕೆಲಸ. ಪುಟ್ಟಿ ಕಂಡರೆ ಕೇಳಬೇಕೆ! ಓಡಿ ಬಂದು ಬಿಚ್ಚಿ, ಕೆದರಿ, ಮುದ್ದೆ ಮಾಡಿ ಬಿಸಾಡಿದಳು.

ಮತ್ತೆ ಬಾಗಿಲ ತನಕ ಹೋದಳು. ಅಲ್ಲೇ ನಿಂತಳು. ಹಾಗೇ ಹೋದರೆ, ಆ ಕುರ್ಚಿಯ ಬಂಡವಾಳ ನನಗೆ ಗೊತ್ತಾಗಿದೆ ಅಂತ ಅವಳಿಗೆ ಗೊತ್ತಾಗುವುದು ಹೇಗೆ? ನಾನು ಹೋದ ಮೇಲೂ ಬೆನ್ನು ಒತ್ತಿಸಿಕೊಂಡವಳ ಹಾಗೇ ಮೆರೆಯುತ್ತಾಳಲ್ಲ!

ದೊಡ್ಡಕ್ಕ ವಾಪಸು ಬಂದಳು. ಕಂಬಳಿಯನ್ನು ಕೊಡವಿ, ತನ್ನ ಜೀವಮಾನದಲ್ಲೇ ಅಷ್ಟು ಚೆಂದ ಮಡಿಸಿರಲಿಲ್ಲ ಅನ್ನುವ ಹಾಗೆ ಮಡಿಸಿ, ಕೆಟ್ಟ ಕುರ್ಚಿಯ ತೊಡೆಯ ಮೇಲೆ ಇಟ್ಟು ಹೊರಟಳು.

ವಿಮಾನ ಹತ್ತುವ ಸಾಲಿನಲ್ಲಿ ನಿಂತಿದ್ದಾಗ ಫೋನು ಬಡಿದುಕೊಂಡಿತು.

"ಅಕ್ಕಾ! ಕಂಬಳಿ ನೋಡ್ದೆ."

"ಯಾವ ಕಂಬಳಿನೇ?"

"ಸಾಕು ಸುಮ್ನಿರು. ನಿನ್ನ ಕೈ ನನಗೆ ಗೊತ್ತಾಗಲ್ವಾ?"

"ಗೊತ್ತಾಯ್ತಾ? ಹಾಗಾದ್ರೆ ಹೇಳು, ದಿನಾ ಒತ್ತಿಸ್ಕೋತಿದ್ಯಲ್ಲ, ಬೆನ್ನು ಹೇಗಿದೆ ಈಗ?"

ಪುಟ್ಟಿ ಕೆಮ್ಮು ಬರುವ ತನಕ ನಕ್ಕಳು. "ಏನ್ ಮಾಡ್ಲಿ? ಮೀನು ಮೀನು ಅಂತ ಪ್ರಾಣ ತಿಂದ್ಯಲ್ಲ! ನಿನ್ನ ಹೆಜ್ಜೆಗೆ ಓಡಿ ಬರ್ತವೆ ಅಂತ ಕೇಳಿ ನನಗೆ ಅನ್ನ ಇಳೀತಿರ್ಲಿಲ್ಲ. ಇರ್ಲಿ, ಈಗ ನನ್ನ ಸರದಿ. ನಿನ್ನ ಜಾಗಕ್ಕೆ ನನ್ನೇ ಹಾಕಿ ಅಂತ ಸೂಪರ್‌ವೈಸರಮ್ಮನ ಬೆನ್ನು ಬಿದ್ದಿದ್ದೆ. ನಾಳೆಯಿಂದ ನಿಮ್ಮ ಲೌಂಜು. ಹೋದ ತಕ್ಷಣ ನಿನ್ನ ಮೀನುಗಳನ್ನ ಮಾತಾಡಿಸ್ತೀನಿ."

ದೊಡ್ಡಕ್ಕ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು. ತೊಟ್ಟಿಯೇನೋ ಇತ್ತು. ಮೀನುಗಳು ಪುಟ್ಟಿ ಕೆಲಸಕ್ಕೆ ಸೇರುವ ಮೊದಲೇ ಸತ್ತಿದ್ದವು. ಅಂದಿನಿಂದ ಅದರೊಳಗೆ ಇದ್ದದ್ದು ಉರುಟು ಕಲ್ಲು, ಪ್ಲಾಸ್ಟಿಕ್ಕಿನ ಗಿಡ.

"ಅಕ್ಕಾ? ಇದ್ದೀಯಾ?"

"ಪುಟ್ಟೀ, ಮೀನು ತುಂಬಾ ಸೂಕ್ಷ್ಮ ಕಣೇ," ಅಂದಳು ದೊಡ್ಡಕ್ಕ. "ನಾನು ಬಿಟ್ಟು ಬಂದಿದ್ದಕ್ಕೆ ಎದೆ ಒಡೆದು ಸತ್ತಿದ್ರೂ ಸತ್ತಿರಬಹುದು."

"ಇಷ್ಟು ಬೇಗನಾ?"

"ಇಷ್ಟು ಬೇಗ."

ಆ ಕಡೆ ಪುಟ್ಟಿ ಎಂಥ ನಗು ನಕ್ಕಳೆಂದರೆ ದೊಡ್ಡಕ್ಕ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. ತಾನೂ ನಕ್ಕಳು. ಸಾಲು ಮುಂದಕ್ಕೆ ಸರಿಯಿತು.

ವಿಮಾನದ ಸೀಟು ಇಕ್ಕಟ್ಟು, ಮಂಡಿ ಎದುರಿನ ಸೀಟಿಗೆ ಒತ್ತುತ್ತಿತ್ತು. ಎಂಥದೋ ನೆನಪಾಗಿ ದೊಡ್ಡಕ್ಕ ಒಮ್ಮೆಲೇ ನೆಟ್ಟಗೆ ಕೂತಳು. ತೊಟ್ಟಿಯ ಹಿಂದಿನ ಗೋಡೆಯಲ್ಲಿ ತಾನೇ ಹೊಡೆದ ಮೊಳೆ ಇದೆ, ಚೀಲ ತೂಗುಹಾಕಲು. ಅದರ ಕೆಳಗೆ, ಬಿಸಿಲು ಬೀಳುವ ಕಡೆ, ಗಳಿಗೆ ಹೊತ್ತು ಕೂರಲು ತಾನೇ ಹೊಂದಿಸಿಕೊಂಡ ಸ್ಟೂಲು. ಅಲ್ಲಿ ಕೂತರೆ ಮಂಡಿಗೆ ಎಂಥ ಹಿತ! ಇದನ್ನು ಮಾತ್ರ ಪುಟ್ಟಿಗೆ ಯಾವತ್ತೂ ಹೇಳಿರಲಿಲ್ಲ.

ನಾಳೆ ಅದೂ ಅವಳ ಕಣ್ಣಿಗೆ ಬೀಳುತ್ತದೆ. ಇಷ್ಟು ದಿನ ಬೆಳ್ಳಿ ಗುಂಡಿಯೂ ಅವಳಿಗೆ, ಇನ್ನು ಬಿಸಿಲಿನ ಸ್ಟೂಲೂ ಅವಳಿಗೆ.

ವಿಮಾನ ಮೇಲೇರಿತು. ದೊಡ್ಡಕ್ಕನ ಹೊಟ್ಟೆಯಲ್ಲಿ ಮತ್ತೆ ಮೆಣಸಿನಕಾಯಿ ಅರೆಯಲು ಶುರುವಾಗಿತ್ತು.