ಮುಖ ನೋಡಿ ಕೊಟ್ಟ ಚೆಂಡು

ಆಪಾಳ ಬಲ ಮೊಣಕಾಲು ಎಡದ್ದಕ್ಕಿಂತ ಎರಡು ಬೆರಳು ದಪ್ಪವಿತ್ತು. ಕುಳಿತವಳು ಏಳುವಾಗ ಅದರೊಳಗಿಂದ, ಒಣಗಿದ ಭತ್ತದ ಮೇಲೆ ಯಾರೋ ಕಾಲಿಟ್ಟ ಹಾಗೆ ಸಪ್ಪಳ ಬರುತ್ತಿತ್ತು. ಬಸ್ಸಿನಲ್ಲಿ ಪಕ್ಕದವರು ತಿರುಗಿ ನೋಡಿದರೆ ಆಕೆ ನಗುತ್ತ, "ಗಿರಣಿ ಚಾಲೂ ಆತು ನೋಡ್ರಿ," ಅನ್ನುತ್ತಿದ್ದಳು. ಅವರೂ ನಗುತ್ತಿದ್ದರು. ಆಕೆ ಹಾಗೆ ನಗಿಸಿದ್ದರಿಂದ ಎಲ್ಲರಿಗೂ ಅನುಕೂಲವಾಯಿತು. ಯಾರೂ ಏನನ್ನೂ ಕೇಳಬೇಕಾಗಲಿಲ್ಲ.

ನಾನು ಜೋರಾಗಿ ಮಾತನಾಡುವವಳಲ್ಲ. ಪಿಯುಸಿ ಮುಗಿಸಿ, ಆಟದ ಬಲದ ಮೇಲೆ ನೌಕರಿ ಹಿಡಿದವಳು. ಬರೆಯುವುದೂ ರೂಢಿಯಿಲ್ಲ. ಆದರೆ ಆಪಾ ಹೋಗಿ ಐದು ತಿಂಗಳಾದ ಮೇಲೂ ನನ್ನ ಸಿಟ್ಟು ಇಳಿದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಕಾರಟಗಿಯಲ್ಲಿ, ಅಕ್ಕಿ ಗಿರಣಿಯ ಹಿಂದಿನ ಸಾಲುಮನೆಗಳಲ್ಲಿ ನಮ್ಮದೊಂದು, ಅವರದೊಂದು. ಆಕೆಯ ಅಪ್ಪ ಗಿರಣಿಯ ಫಿಟ್ಟರ್. ಆಕೆಯನ್ನು ನಾವು ಮಕ್ಕಳೆಲ್ಲ ಆಪಾ, ಅಂದರೆ ಅಕ್ಕ ಎಂದೂ, ಆಕೆಯ ತಾಯಿಯನ್ನು ಖಾಲಾ, ಅಂದರೆ ಚಿಕ್ಕಮ್ಮ ಎಂದೂ ಕರೆಯುತ್ತಿದ್ದೆವು. ಖಾಲಾ ಮತ್ತು ನನ್ನ ಅವ್ವ ಇಬ್ಬರೂ ಗಿರಣಿಯ ಕಣದಲ್ಲಿ ಕೂಲಿ ಮಾಡುತ್ತಿದ್ದರು. ಕುದಿಸಿದ ಭತ್ತವನ್ನು ಸಿಮೆಂಟಿನ ಕಣದ ಮೇಲೆ ಹರವಿ, ಅದು ಸಮನಾಗಿ ಒಣಗುವ ಹಾಗೆ ಆಗಾಗ ಕಾಲಿನಿಂದ ಮಗುಚುವುದು ಅವರ ಕೆಲಸ. ಆ ಕೆಲಸದಲ್ಲಿ ಕಾಲು ಎತ್ತುವಂತಿಲ್ಲ. ಎತ್ತಿ ತುಳಿದರೆ ಕಾಳು ಒಡೆಯುತ್ತದೆ. ಮೊಣಕಾಲು ತುಸು ಬಗ್ಗಿಸಿ, ಪಾದವನ್ನು ನೆಲಕ್ಕೆ ಹಚ್ಚಿ ಜಾರಿಸುತ್ತ ಹೋಗಬೇಕು. ಹಿಂದೆ ನೇಗಿಲು ಹೊಡೆದಂಥ ಸಾಲು ಬೀಳಬೇಕು.

ಆಪಾ ನನಗಿಂತ ನಾಲ್ಕು ವರ್ಷ ದೊಡ್ಡವಳು. ರಜೆಯ ದಿನ ತಾಯಿಯ ಹಿಂದೆ ಆ ಸಾಲುಗಳಲ್ಲಿ ನಡೆದು ನಡೆದು ಆಕೆಗೆ ಅದೇ ನಡಿಗೆಯಾಗಿತ್ತು.

ನಮ್ಮ ಸಾಲೆಯ ಪಿ.ಟಿ. ಮಾಸ್ತರು ಒಂದು ಕಾಲಕ್ಕೆ ಬಾಸ್ಕೆಟ್‌ಬಾಲ್ ಆಡಿದವರು. ಹುಡುಗಿಯರಿಗೂ ಕಲಿಸುತ್ತೇನೆಂದು ಹಟ ಹಿಡಿದು ಒಂದು ಚೆಂಡು ತರಿಸಿದ್ದರು. ಆಪಾಳ ಅಪ್ಪ ಗಿರಣಿಯಲ್ಲಿ ಬಿದ್ದಿದ್ದ ಕಬ್ಬಿಣದ ಪಟ್ಟಿ ಬಗ್ಗಿಸಿ, ವೆಲ್ಡ್ ಮಾಡಿ, ಗೋದಾಮಿನ ಗೋಡೆಗೆ ಒಂದು ರಿಂಗ್ ಹಾಕಿಕೊಟ್ಟರು. ಅಳತೆ ಮಾಸ್ತರ ಬಾಯಿಂದ ಕೇಳಿದ್ದು. ಹೊರಗಿನ ಸುತ್ತಿನದೋ ಒಳಗಿನ ಸುತ್ತಿನದೋ ಎಂದು ಕೇಳಲು ಮರೆತಿದ್ದರು. ರಿಂಗ್ ನಾಲ್ಕು ಬೆರಳು ಸಣ್ಣದಾಯಿತು. ನಾವು ವರ್ಷಗಟ್ಟಲೆ ಆ ಸಣ್ಣ ರಿಂಗಿನಲ್ಲೇ ಚೆಂಡು ಹಾಕಿದೆವು. ಮುಂದೆ ಕೊಪ್ಪಳದಲ್ಲಿ ನಿಜವಾದ ರಿಂಗ್ ಕಂಡಾಗ ನನಗೆ ಅದು ಬಾವಿಯಷ್ಟು ಅಗಲ ಕಂಡಿತು. ನಾನು ಗುರಿಕಾರ್ತಿಯಾದದ್ದು ಫಿಟ್ಟರ್ ಚಾಚಾ ಮಾಡಿದ ಆ ತಪ್ಪಿನಿಂದ.

ಆಪಾ ಚೆಂಡನ್ನು ಎತ್ತರ ಪುಟಿಸುತ್ತಿರಲಿಲ್ಲ. ಕಣದಲ್ಲಿ ಅಲ್ಲಲ್ಲಿ ಕಾಳು ಬಿದ್ದಿರುತ್ತಿತ್ತು. ಅದರ ಮೇಲೆ ಬಿದ್ದ ಚೆಂಡು ಎತ್ತಲೋ ಹಾರುತ್ತಿತ್ತು. ಅದಕ್ಕೇ ಆಕೆ ಮೀನಖಂಡದ ಮಟ್ಟದಲ್ಲಿ, ಅಂಗೈಗೆ ಅಂಟಿಸಿಕೊಂಡ ಹಾಗೆ ಪುಟಿಸುತ್ತಿದ್ದಳು. ಗಿರಣಿಯ ಗುಮಾಸ್ತರು ಕಿಟಕಿಯಿಂದ ಕೂಗುತ್ತಿದ್ದರು: "ಏ ಹುಡುಗ್ಯಾರ, ಒಂದು ಕಾಳು ಒಡದರ ನಿಮ್ಮ ಹಲ್ಲು ಒಡೀತೀನಿ ನೋಡ್ರಿ."

"ಕಾಳು ಒಡಿಯೋದು ನಿಮ್ಮ ಗಿರಣಿ ದಂಧೆನ ಅಲ್ಲೇನ್ರಿ ಸಾವಕಾರ್ರ?" ಎನ್ನುತ್ತಿದ್ದಳು ಆಪಾ. ಗುಮಾಸ್ತರನ್ನು ಸಾವಕಾರ್ರ ಎಂದು ಕರೆದರೆ ಅವರ ಸಿಟ್ಟು ಅಲ್ಲಿಗೇ ಇಳಿಯುತ್ತದೆಂದು ಆಕೆಗೆ ಗೊತ್ತಿತ್ತು.

ಕ್ರೀಡಾ ಹಾಸ್ಟೆಲ್ಲಿಗೆ ಆರಿಸಿಕೊಂಡಾಗ ಅಲ್ಲಿಯ ಕೋಚ್ ಮೊದಲ ವಾರವೆಲ್ಲ ಬೈದರಂತೆ: "ಕಾಲು ಯಾಕ ಎಳೀತಿ? ಸರಪಳಿ ಕಟ್ಯಾರೇನು?" ಎರಡನೆಯ ವಾರ, ಆಕೆಯನ್ನು ದಾಟಿ ಒಬ್ಬ ಹುಡುಗಿಯೂ ಮುಂದೆ ಹೋಗಲಾಗದ್ದನ್ನು ಕಂಡು, "ಎಳಿ. ಹಂಗs ಎಳಿ," ಅಂದರಂತೆ.

ಆಕೆ ಪಾಯಿಂಟ್ ಗಾರ್ಡ್ ಆದಳು. ಚೆಂಡನ್ನು ಮುಂದೆ ತರುವವಳು, ಯಾರಿಗೆ ಯಾವಾಗ ಕೊಡಬೇಕೆಂದು ತೀರ್ಮಾನಿಸುವವಳು. ಅಂಕ ಹಾಕುವವರು ಬೇರೆಯವರು. ಹತ್ತೊಂಬತ್ತಕ್ಕೆ ಒಂದು ದೊಡ್ಡ ಇಲಾಖೆ ಆಕೆಯನ್ನು ತನ್ನ ತಂಡಕ್ಕೆ ತೆಗೆದುಕೊಂಡಿತು. ಇಲಾಖೆಯ ಹೆಸರು ಬರೆಯುವುದಿಲ್ಲ. ಬರೆದರೆ ಇದೂ ಒಂದು ಅರ್ಜಿಯಾಗುತ್ತದೆ, ಅರ್ಜಿಗಳನ್ನು ಆಪಾ ಸಾಕಷ್ಟು ಬರೆದಿದ್ದಳು. ಅಲ್ಲಿ ಆಟವೇ ನೌಕರಿ, ಆಟಕ್ಕೇ ಸಂಬಳ. ನಾಲ್ಕು ವರ್ಷದ ನಂತರ ನಾನೂ ಅದೇ ತಂಡ ಸೇರಿದೆ, ತಾತ್ಕಾಲಿಕವಾಗಿ. ನನ್ನ ಹೆಸರನ್ನು ಹೇಳಿ ಟ್ರಯಲ್ಸಿಗೆ ಕರೆಸಿದವಳು ಆಕೆಯೇ.

ಆಕೆ ನನಗೆ ಕಲಿಸಿದ್ದು ಒಂದೇ ಮಾತು. "ಕೈ ನೋಡಿ ಚೆಂಡು ಕೊಡಬ್ಯಾಡ, ಮಾರಿ ನೋಡಿ ಕೊಡು. ಕೈ ಎಲ್ಲಾರೂ ಚಾಚತಾರ. ಯಾರಿಗೆ ಬೇಕಾಗೇತಿ ಅನ್ನೋದು ಮಾರಿಮ್ಯಾಲೆ ಇರತೈತಿ."

ಪತ್ರಿಕೆಯಲ್ಲಿ ಬಂದ ಫೋಟೋಗಳೆಲ್ಲ ನನ್ನವು. ಚೆಂಡು ಹಾಕುವವಳ ಫೋಟೋ ತೆಗೆಯುತ್ತಾರೆ, ಕೊಟ್ಟವಳದ್ದಲ್ಲ. ಒಂದು ಫೋಟೋದ ಅಂಚಿನಲ್ಲಿ ಮಾತ್ರ ಒಂದು ಕೈ ಬಿದ್ದಿತ್ತು. ಖಾಲಾ ಅದನ್ನು ಹಿಡಿದು, "ಇದರಾಗ ನೀ ಎಲ್ಲಿ ಅದಿ?" ಎಂದು ಮಗಳನ್ನು ಕೇಳಿದ್ದರು. "ಈ ಕೈ ನಂದು ಅಮ್ಮೀ," ಎಂದಿದ್ದಳು ಆಪಾ. ಖಾಲಾ ಆ ತುಣುಕನ್ನು ಕತ್ತರಿಸಿ ಕನ್ನಡಿಯ ಸಂದಿಯಲ್ಲಿ ಸಿಕ್ಕಿಸಿದರು. ಮಗಳು ಆಡಿದ್ದನ್ನು ಅವರು ನೋಡಿದ್ದು ಅಷ್ಟೇ.

ಮೊಣಕಾಲು ಮೊದಲು ಊದಿದ್ದು ಆಕೆಗೆ ಇಪ್ಪತ್ತಾರಾದಾಗ. ತಂಡದ ಚೀಲದಲ್ಲಿ ನೋವಿನ ಗುಳಿಗೆಗಳು ಇರುತ್ತಿದ್ದವು. ಬೇಕಾದವರು ಬೇಕಾದಷ್ಟು ತೆಗೆದುಕೊಳ್ಳಬಹುದು. ಆಪಾ ಬೆಳಿಗ್ಗೆ ಚಹದ ಜೊತೆ ಎರಡು, ಆಟಕ್ಕೆ ಮೊದಲು ಎರಡು ನುಂಗುತ್ತಿದ್ದಳು. ನಾವು ಕಡಲೆ ಪುಟಾಣಿ ತಿನ್ನುತ್ತಾಳೆಂದು ಚೇಷ್ಟೆ ಮಾಡುತ್ತಿದ್ದೆವು. ನಾನೂ ಮಾಡಿದ್ದೇನೆ.

ಇನ್ನು ಆ ದಿನದ ಮಾತು. ಅದು ಇಲಾಖೆಗಳ ನಡುವಿನ ಪಂದ್ಯಾವಳಿಯ ಕೊನೆಯ ಆಟ. ಕಪ್ ತಂದರೆ ತಾತ್ಕಾಲಿಕವಾಗಿದ್ದ ಇಬ್ಬರನ್ನು ಕಾಯಂ ಮಾಡುವುದಾಗಿ ಮೇಲಿನವರು ಹೇಳಿದ್ದರು. ಆ ಇಬ್ಬರಲ್ಲಿ ನಾನೊಬ್ಬಳು. ಹಿಂದಿನ ದಿನದ ಆಟದಲ್ಲಿ ಆಪಾಳ ಮೊಣಕಾಲು ತಿರುಚಿ ತೆಂಗಿನಕಾಯಿಯಷ್ಟು ಊದಿತ್ತು. ನೋಡಿದ ಡಾಕ್ಟರು, ಆಡಿದರೆ ಕಾಲು ಹೋಗುತ್ತದೆ, ಮೂರು ತಿಂಗಳು ನೆಲಕ್ಕೆ ಊರಬೇಡಿ ಎಂದು ಚೀಟಿ ಬರೆದುಕೊಟ್ಟಿದ್ದರು.

ತಂಡದ ಮ್ಯಾನೇಜರ್ ಸಾಹೇಬರು ಆ ಚೀಟಿಯನ್ನು ಓದಿ, ಮಡಚಿ, ತಮ್ಮ ಅಂಗಿಯ ಕಿಸೆಯಲ್ಲಿಟ್ಟುಕೊಂಡರು. ಬಟ್ಟೆ ಬದಲಿಸುವ ಕೋಣೆಯಲ್ಲಿ ನಾನು, ಆಪಾ, ಅವರು, ಮತ್ತು ಅವರು ಎಲ್ಲಿಂದಲೋ ಕರೆತಂದಿದ್ದ ಸೂಜಿ ಹಾಕುವವನು.

"ನಲವತ್ತು ನಿಮಿಷದ ಮಾತು ಐತಿ," ಅಂದರು. "ಒಂದು ಸೂಜಿ ಹಾಕಿಸಿದ್ರ ನೋವು ಗೊತ್ತs ಆಗೂದಿಲ್ಲ. ಆಮ್ಯಾಲೆ ಮೂರಲ್ಲ, ಆರು ತಿಂಗಳ ಮಲಕೊಳ್ರಿ, ಯಾರು ಬ್ಯಾಡಂತಾರ? ಇಲ್ಲಂದ್ರ ಈ ಹುಡುಗಿ ಗತಿ ಏನು, ನೀವs ಹೇಳ್ರಿ." ಹೇಳುತ್ತ ನನ್ನ ಕಡೆ ಬೆರಳು ಮಾಡಿದರು.

ಆಪಾ ತಿರುಗಿ ನನ್ನ ಮುಖ ನೋಡಿದಳು.

ಬೇಡ ಆಪಾ ಎನ್ನಲು ಒಂದು ಉಸಿರು ಸಾಕಿತ್ತು. ನನಗೆ ಆಗ ಇಪ್ಪತ್ನಾಲ್ಕು ವರ್ಷ, ಸಣ್ಣ ಮಗುವಲ್ಲ. ಅವ್ವ ಕಣದಲ್ಲಿ ಕಾಲು ಎಳೆಯುವುದನ್ನು ನಿಲ್ಲಿಸಬೇಕೆಂದಿದ್ದೆ. ಕಾಯಂ ಎಂಬ ಮಾತು ಬಾಯಲ್ಲಿ ಸಕ್ಕರೆಯ ಹಾಗಿತ್ತು. ನಾನು ಬಗ್ಗಿ ನನ್ನ ಬೂಟಿನ ಲೇಸು ಕಟ್ಟತೊಡಗಿದೆ. ಅದು ಆಗಲೇ ಕಟ್ಟಿತ್ತು.

"ಹಾಕ್ರಿ," ಎಂದಳು ಆಪಾ.

ಆ ದಿನ ಆಕೆ ಆಡಿದ ಹಾಗೆ ಯಾರೂ ಆಡಿದ್ದನ್ನು ನಾನು ಕಂಡಿಲ್ಲ. ಮರಗಟ್ಟಿದ ಕಾಲನ್ನು ಎಳೆಯುತ್ತ, ಭತ್ತದ ಸಾಲು ಹೊಡೆದ ಹಾಗೆ ಅಂಗಳವನ್ನೆಲ್ಲ ಸಾಲು ಸಾಲಾಗಿ ಹೊಡೆದಳು. ಚೆಂಡು ನನ್ನ ಕೈಗೆ ಬರುತ್ತಲೇ ಇತ್ತು. ನಾನು ಹಾಕುತ್ತಲೇ ಇದ್ದೆ. ಗೆದ್ದೆವು. ಮರುದಿನ ಫೋಟೋ ಬಂತು, ನನ್ನದು. ಕಾಯಂ ಆದೇಶವೂ ಬಂತು.

ಆರು ತಿಂಗಳು ಮಲಗಲು ಯಾರೂ ಬಿಡಲಿಲ್ಲ. ಶಸ್ತ್ರಚಿಕಿತ್ಸೆ ತಡವಾಯಿತು, ಅದಾದ ಮೇಲೂ ಗುಳಿಗೆ ಕೊಟ್ಟು ಎರಡು ವರ್ಷ ಆಡಿಸಿದರು. ಇನ್ನು ಓಡಲು ಆಗುವುದಿಲ್ಲ ಎಂದಾದ ಮೇಲೆ ಕಚೇರಿಗೆ ಹಾಕಿದರು. ಎಲ್ಲಿ? ಮೂರನೇ ಮಹಡಿಯಲ್ಲಿ. ಲಿಫ್ಟ್ ಇಲ್ಲದ ಕಟ್ಟಡ. ಕೆಳಗಿನ ಮಹಡಿಗೆ ಬದಲಿಸಿ ಎಂದು ಆಪಾ ಅರ್ಜಿ ಕೊಟ್ಟಳು. ಮತ್ತೆ ಕೊಟ್ಟಳು. ಒಬ್ಬ ಅಧಿಕಾರಿ ಅರ್ಜಿಯನ್ನು ಬದಿಗಿಟ್ಟು, "ಆಟದ ಕೋಟಾದಾಗ ಬಂದವರಿಗೆ ಮೆಟ್ಟಲಾ ಹತ್ತಾಕ ಆಗೂದಿಲ್ಲಂದ್ರ ಹೆಂಗ್ರಿ ಮೇಡಂ?" ಎಂದು ನಕ್ಕರಂತೆ. ಆಪಾ ಅದನ್ನು ನನಗೆ ಹೇಳಿ ತಾನೂ ನಕ್ಕಳು. ನನಗೆ ನಗು ಬರಲಿಲ್ಲ. ಆದರೆ ಆ ಅಧಿಕಾರಿಯ ಬಳಿ ಹೋಗಿ ಕೇಳಲೂ ಇಲ್ಲ. ಅಷ್ಟರಲ್ಲಿ ನನಗೆ ಗಂಗಾವತಿಯ ಕಚೇರಿಗೆ ವರ್ಗವಾಗಿತ್ತು. ನನ್ನ ಮೇಜು ನೆಲಮಹಡಿಯಲ್ಲಿದೆ.

ಆ ಮೆಟ್ಟಿಲು ಹತ್ತಲು ಆಕೆ ಮತ್ತೆ ಅದೇ ಗುಳಿಗೆ ನುಂಗಿದಳು, ಏಳು ವರ್ಷ. ಮೊಣಕಾಲು ಹೇಗೋ ನಡೆಯಿತು, ಮೂತ್ರಪಿಂಡ ನಿಂತಿತು. ಡಾಕ್ಟರು ಮೊದಲು ಕೇಳಿದ ಪ್ರಶ್ನೆ, ನೋವಿನ ಗುಳಿಗೆ ಎಷ್ಟು ವರ್ಷದಿಂದ ತಗೋತಿದ್ದೀರಿ ಎಂದು. ಆಪಾ ಕಾರಟಗಿಗೆ ಬಂದಳು. ವಾರಕ್ಕೆ ಎರಡು ಸಲ ರಕ್ತ ಶುದ್ಧಿ ಮಾಡಿಸಿಕೊಳ್ಳಲು ತಾಯಿ ಮಗಳು ಬಸ್ಸಿನಲ್ಲಿ ಕೊಪ್ಪಳಕ್ಕೆ ಹೋಗಿಬರುತ್ತಿದ್ದರು. ದಾರಿಯಲ್ಲಿ ಮರಳಿ ಎಂಬ ಊರಿನ ಹತ್ತಿರ ಗದ್ದೆಗಳು ಕಂಡಾಗ ಆಪಾ ಕಿಟಕಿಯ ಕಡೆ ವಾಲಿ ಕುಳಿತುಕೊಳ್ಳುತ್ತಿದ್ದಳು ಎಂದು ಖಾಲಾ ಹೇಳುತ್ತಾರೆ. ಗಂಗಾವತಿಯಲ್ಲಿ ಬಸ್ಸು ನಿಂತಾಗ ನಾನು ಎಳನೀರು ಹಿಡಿದು ಹೋದೆ ಒಮ್ಮೆ. "ಒಂದು ಗುಟುಕು ಕುಡದರೂ ಡಾಕ್ಟರು ಬೈತಾರವ್ವಾ. ನೀ ಕುಡಿ, ನಾ ನೋಡ್ತೀನಿ," ಎಂದಳು. ಬಸ್ಸು ಹೊರಡುವವರೆಗೆ ನಾನು ಅದನ್ನು ಕುಡಿದೆ. ಆಕೆ ನೋಡಿದಳು.

ನಲವತ್ತೊಂದಕ್ಕೆ ಹೋದಳು, ಸುಗ್ಗಿಯ ದಿನಗಳಲ್ಲಿ.

ಗಂಗಾವತಿಯಲ್ಲಿ ಶ್ರದ್ಧಾಂಜಲಿ ಸಭೆ ಮಾಡಿದರು. ಬದುಕಿದ್ದಾಗ ಆಕೆಯ ಮುಖ ಹಾಕದವರು ಈಗ ಆಳೆತ್ತರದ ಬ್ಯಾನರ್ ಹಾಕಿಸಿದ್ದರು. ನಿವೃತ್ತರಾದ ಮ್ಯಾನೇಜರ್ ಸಾಹೇಬರು ಕಾರಿನಲ್ಲಿ ಬಂದರು. ಮೈಕು ಹಿಡಿದು, "ನೋವು ಅಂದ್ರ ಏನಂತ ಆಕಿಗೆ ಗೊತ್ತs ಇರಲಿಲ್ಲರೀ. ಅಂಥಾ ಆಟಗಾರ್ತಿ," ಎಂದರು. ಅದು ಶ್ರದ್ಧಾಂಜಲಿ ಸಭೆ ಎಂಬುದನ್ನು ಮರೆತು ಕೆಲವರು ಚಪ್ಪಾಳೆ ತಟ್ಟಿದರು.

ಗೊತ್ತಿತ್ತು. ಆಕೆಗೆ ನೋವು ಗೊತ್ತಿತ್ತು, ನಿಮಗೂ ಗೊತ್ತಿತ್ತು, ಡಾಕ್ಟರ ಚೀಟಿ ನಿಮ್ಮ ಕಿಸೆಯಲ್ಲಿತ್ತು. ಇದನ್ನು ನಾನು ಎದ್ದು ನಿಂತು ಹೇಳಬೇಕಿತ್ತು. ಎರಡನೇ ಸಾಲಿನಲ್ಲಿ ಕುಳಿತಿದ್ದೆ. ಎರಡು ಮಾತು ಆಡಿ ಎಂದು ನನ್ನನ್ನೂ ಕರೆದರು. ಗಂಟಲು ಕಟ್ಟಿದೆ ಎಂದು ಕೈಸನ್ನೆ ಮಾಡಿದೆ. ಆ ಸಾಹೇಬರ ಎದುರು ನಾನು ಬಾಯಿ ಬಿಡದೆ ಉಳಿದದ್ದು ಇದು ಎರಡನೇ ಸಲ.

ಮುಂದಿನ ಭಾನುವಾರ ಕಾರಟಗಿಗೆ ಹೋದೆ. ಗಿರಣಿಯಲ್ಲಿ ಈಗ ಭತ್ತ ಒಣಗಿಸಲು ಯಂತ್ರ ಬಂದಿದೆ, ಕಣದಲ್ಲಿ ಲಾರಿ ನಿಲ್ಲಿಸುತ್ತಾರೆ. ರಿಂಗ್ ಮಾತ್ರ ಗೋಡೆಯಲ್ಲಿ ಹಾಗೇ ಇದೆ. ಖಾಲಾ ಮನೆಯ ಮಾಳಿಗೆಯ ಮೇಲೆ ಒಂದು ಚೀಲ ಭತ್ತ ಹರವಿ, ಕಾಲಿನಿಂದ ಸಾಲು ಹೊಡೆಯುತ್ತಿದ್ದರು.

"ಬಾ ಬೇಟಿ. ಚಪ್ಪಲಿ ಬಿಟ್ಟು ಬಾ. ಸಭಾದಾಗ ಏನೇನಂದ್ರು ಹೇಳು."

ನಾನು ಅವರ ಪಕ್ಕದ ಸಾಲಿನಲ್ಲಿ ನಡೆಯುತ್ತ ಹೇಳಿದೆ, "ಆಪಾಗ ನೋವು ಅನ್ನೋದು ಗೊತ್ತಿರಲಿಲ್ಲ ಅಂದ್ರು."

ಖಾಲಾ ನಿಂತರು. "ಯಾವನವ ಅಂದಾವ? ಕೊಪ್ಪಳದ ಬಸ್ಸಿನ್ಯಾಗ ಆಕಿ ನನ್ನ ಕೈ ಹೆಂಗ ಹಿಡಕೋತಿದ್ಲು ಅವ ನೋಡ್ಯಾನೇನು? ಉಗುರಿನ ಕಲೆ ಇನ್ನೂ ಹೋಗಿಲ್ಲ." ಮಣಿಕಟ್ಟು ತೋರಿಸಿದರು. ಕಲೆ ಇತ್ತು.

"ಖಾಲಾ, ಅವತ್ತು ಸೂಜಿ ಹಾಕೋಮುಂದ ನಾ ಅಲ್ಲೇ ಇದ್ದೆ. ಬ್ಯಾಡ ಅನ್ನಲಿಲ್ಲ ನಾನು."

ಅವರು ಗೋಡೆಯವರೆಗೆ ಒಂದು ಸಾಲು ಹೊಡೆದುಕೊಂಡು ಹೋಗಿ, ತಿರುಗಿ ಬಂದರು.

"ಗೊತ್ತೈತಿ. ಹೇಳ್ಯಾಳ."

"ಏನಂದ್ಲು?"

"ಹುಡುಗಿ ಮಾರಿ ನೋಡ್ದೆ ಅಮ್ಮೀ, ಆಕಿಗೆ ಬೇಕಾಗಿತ್ತು, ಕೊಟ್ಟೆ ಅಂದ್ಲು. ಅಷ್ಟs."

ನನಗೆ ಅಳು ಬಂತು. ಖಾಲಾ ಸಮಾಧಾನ ಮಾಡಲಿಲ್ಲ. ನನ್ನ ಕಾಲ ಕಡೆಗೇ ನೋಡುತ್ತಿದ್ದರು.

"ಆಕಿಗೆ ನಿನ್ನ ಮ್ಯಾಲೆ ಸಿಟ್ಟಿರಲಿಲ್ಲ. ನನಗ ಐತಿ. ಸುಳ್ಳ ಯಾಕ ಹೇಳ್ಲಿ?" ಎಂದರು. ಆಮೇಲೆ, "ಸಾಲು ಸೊಟ್ಟ ಹೊಂಟೈತಿ ನಿಂದು. ಕಾಲು ಎತ್ತಬ್ಯಾಡ, ಕಾಳು ಒಡೀತಾವು," ಎಂದರು.

ನಾನು ಕಾಲು ಎತ್ತದೆ ನಡೆದೆ. ಭತ್ತ ಒಣಗುವವರೆಗೂ ಇಬ್ಬರೂ ನಡೆದೆವು.